ಸಿಮ್ ರೂಟರ್ ಮನೆಯಲ್ಲಿ ಮಾಡ್ ಹಾಕಿದ ಮೈನ್‌ಕ್ರಾಫ್ಟ್: ತೊಂದರೆ ಎಲ್ಲಿದೆ, ಸರಿಪಡಿಸೋದು ಹೇಗೆ

ಮೈನ್‌ಕ್ರಾಫ್ಟ್ ಜಾವಾ ಎಡಿಷನ್‌ಗೆ ಮಾಡ್ (ಆಟಕ್ಕೆ ಹೊಸದನ್ನು ಸೇರಿಸುವ, ಬೇರೆಯವರು ಬರೆದ ಫೈಲು) ಹಾಕಿಕೊಂಡು ಗೆಳೆಯರ ಜೊತೆ ಆಡುವವರ ದೂರು ಹೆಚ್ಚಾಗಿ ಒಂದೇ ಮಾತಿನಲ್ಲಿರುತ್ತದೆ: "ಕನೆಕ್ಟ್ ಆಗ್ತಿಲ್ಲ." ಆ ಮಾತಿನ ಹಿಂದೆ ಹತ್ತಾರು ಕಾರಣ ಇರಬಹುದು. ಮಾಡ್ ಹಳೆಯದಾಗಿರಬಹುದು. ಆಟವನ್ನು ಓಡಿಸುವ ಜಾವಾ ಎನ್ನುವ ಪ್ರೋಗ್ರಾಂ ಹೊಂದದೆ ಇರಬಹುದು. ಮನೆಯ ಇಂಟರ್ನೆಟ್ಟೇ ಹೊರಗಿನವರನ್ನು ಒಳಗೆ ಬಿಡದೆ ಇರಬಹುದು. ಫೈಬರ್ ಇರುವ ಊರಲ್ಲಾದರೆ ಎಲ್ಲವನ್ನೂ ಅಳಿಸಿ ಮತ್ತೆ ಇಳಿಸಿಕೊಂಡು ನೋಡಬಹುದು. ಆದರೆ ಮಲೆನಾಡಿನ, ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ ಇಂಟರ್ನೆಟ್ ಅಂದರೆ ಕಿಟಕಿಯ ಹತ್ತಿರ ಇಟ್ಟ ಒಂದು ಸಿಮ್ ರೂಟರ್. ದಿನಕ್ಕೆ 1.5 ಅಥವಾ 2 ಜಿಬಿ ಡೇಟಾ. ದೊಡ್ಡ ಮಾಡ್‌ಪ್ಯಾಕ್ (ಮಾಡ್‌ಗಳ ಕಟ್ಟು) ಒಂದನ್ನು ಎರಡು ಮೂರು ಸಲ ಇಳಿಸಿದರೆ ಅವತ್ತಿನ ಡೇಟಾ ಮುಗಿಯಿತು. ಹಾಗಾಗಿ ಇಂಥ ಮನೆಯಲ್ಲಿ ತೊಂದರೆ ಎಲ್ಲಿದೆ ಎಂದು ಮೊದಲು ಪತ್ತೆ ಮಾಡಬೇಕು. ಡೌನ್‌ಲೋಡ್ ಬಟನ್ ಒತ್ತುವುದು ಆಮೇಲೆ.

ಫೋನಿನಲ್ಲಿ ಆಡುವ ಬೆಡ್‌ರಾಕ್ ಎಡಿಷನ್‌ಗೆ ಈ ಮಾಡ್‌ಗಳು ಹೊಂದುವುದಿಲ್ಲ. ಇಲ್ಲಿ ಹೇಳುವುದು ಕಂಪ್ಯೂಟರಿನ ಜಾವಾ ಎಡಿಷನ್ ಬಗ್ಗೆ. ರೂಟರಿನ ಭಾಗ ಮಾತ್ರ ಯಾವ ಆಟಕ್ಕಾದರೂ ಉಪಯೋಗಕ್ಕೆ ಬರುತ್ತದೆ.

ಮೊದಲು ಮೂರು ಪರೀಕ್ಷೆ

ಮೂರಕ್ಕೂ ಡೇಟಾ ಖರ್ಚು ತೀರಾ ಕಡಿಮೆ. ಇದೇ ಕ್ರಮದಲ್ಲಿ ಮಾಡಿ.

ಒಂದು. ರೂಟರ್ ಆಫ್ ಮಾಡಿ. ಮಾಡ್ ಹಾಕಿದ ಆಟವನ್ನು ತೆರೆದು ಸಿಂಗಲ್ ಪ್ಲೇಯರ್‌ನಲ್ಲಿ ಹೊಸದೊಂದು ವರ್ಲ್ಡ್ ಮಾಡಿ. ಲಾಂಚರಿನಲ್ಲಿ (ಆಟವನ್ನು ತೆರೆಯುವ ಪ್ರೋಗ್ರಾಂ) ಮೊದಲೇ ಲಾಗಿನ್ ಆಗಿದ್ದರೆ ನೆಟ್ ಇಲ್ಲದೆಯೂ ಆಟ ತೆರೆಯುತ್ತದೆ. ಇಲ್ಲೇ ಕ್ರ್ಯಾಶ್ ಆದರೆ ತೊಂದರೆ ಮಾಡ್‌ನಲ್ಲಿದೆ ಅಥವಾ ಜಾವಾದಲ್ಲಿದೆ. ರೂಟರನ್ನು ಮುಟ್ಟುವ ಅಗತ್ಯವೇ ಇಲ್ಲ.

ಎರಡು. ರೂಟರ್ ಆನ್ ಮಾಡಿ. ಒಂದೂ ಮಾಡ್ ಇಲ್ಲದ ಪ್ರೊಫೈಲ್‌ನಿಂದ ಯಾವುದಾದರೂ ಸಾರ್ವಜನಿಕ ಸರ್ವರ್‌ಗೆ ಸೇರಿ ನೋಡಿ. ಸೇರಿಕೊಂಡಿತು ಅಂದರೆ ನಿಮ್ಮ ಮನೆಯಿಂದ ಹೊರಗೆ ಹೋಗುವ ದಾರಿ ಸರಿಯಾಗಿದೆ. ಸೇರಲಿಲ್ಲ ಅಂದರೆ ಮಾಡ್‌ಗಳನ್ನು ಬಿಟ್ಟು ನೇರವಾಗಿ ರೂಟರಿನ ಭಾಗಕ್ಕೆ ಬನ್ನಿ.

ಮೂರು. ಗೆಳೆಯರನ್ನು ನಿಮ್ಮ ವರ್ಲ್ಡ್‌ಗೆ ಕರೆಯಬೇಕಿದ್ದರೆ, ಮನೆಯಲ್ಲೇ ಇನ್ನೊಂದು ಕಂಪ್ಯೂಟರನ್ನು ಅದೇ ವೈಫೈಗೆ ಜೋಡಿಸಿ, 'ಓಪನ್ ಟು ಲ್ಯಾನ್' (ವರ್ಲ್ಡ್ ಅನ್ನು ಮನೆಯೊಳಗಿನ ನೆಟ್‌ವರ್ಕ್‌ಗೆ ತೆರೆಯುವ ಆಯ್ಕೆ) ಕೊಟ್ಟು ಸೇರಿ ನೋಡಿ. ಮನೆಯೊಳಗೆ ಸೇರಿಕೊಂಡು ಹೊರಗಿನಿಂದ ಮಾತ್ರ ಆಗುತ್ತಿಲ್ಲ ಅಂದರೆ ಮಾಡ್‌ಗಳು ಸರಿಯಾಗಿವೆ. ಹೆಚ್ಚಾಗಿ ತಡೆ ಇರುವುದು ಮೊಬೈಲ್ ಕಂಪನಿಯ ನೆಟ್‌ವರ್ಕ್‌ನಲ್ಲಿ. ಮನೆಯೊಳಗೇ ಆಗದಿದ್ದರೆ ಮೊದಲು ವಿಂಡೋಸ್ ಫೈರ್‌ವಾಲ್ ನೋಡಿ. ನಿಮ್ಮ ವೈಫೈಯನ್ನು ವಿಂಡೋಸ್ 'ಪಬ್ಲಿಕ್' ಎಂದು ಗುರುತು ಮಾಡಿಕೊಂಡಿದ್ದರೆ ಒಳಗೆ ಬರುವವರನ್ನು ತಡೆಯುತ್ತದೆ. ಅದನ್ನು 'ಪ್ರೈವೇಟ್' ಮಾಡಿ, ಜಾವಾಗೆ ಅನುಮತಿ ಕೊಡಿ.

ಪರದೆಯ ಮೇಲಿನ ಸಾಲನ್ನು ಓದಿ

ಜನ ಹೆಚ್ಚಾಗಿ ಎಡವುವುದು ಇಲ್ಲೇ. ಕೆಂಪು ಅಕ್ಷರ ಕಂಡ ತಕ್ಷಣ 'ಬ್ಯಾಕ್' ಒತ್ತಿಬಿಡುತ್ತಾರೆ. ಆ ಸಾಲಿನಲ್ಲೇ ಅರ್ಧ ಉತ್ತರ ಇರುತ್ತದೆ.

'ಕನೆಕ್ಷನ್ ಟೈಮ್ಡ್ ಔಟ್' ಅಂದರೆ ನೀವು ಕಳಿಸಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ ಎಂದು. ವಿಳಾಸ ತಪ್ಪಿರಬಹುದು, ಫೈರ್‌ವಾಲ್ ನುಂಗಿರಬಹುದು, ಅಥವಾ ಮೊಬೈಲ್ ಕಂಪನಿಯ ಹಂತದಲ್ಲೇ ನಿಂತಿರಬಹುದು. ಸಿಮ್ ರೂಟರ್ ಮನೆಗಳಲ್ಲಿ ಇದೇ ಜಾಸ್ತಿ.

'ಕನೆಕ್ಷನ್ ರಿಫ್ಯೂಸ್ಡ್' ಬೇರೆ. ಕಂಪ್ಯೂಟರ್ ತನಕ ಹೋಗಿ ಮುಟ್ಟಿದೆ, ಆದರೆ ಆ ಪೋರ್ಟ್‌ನಲ್ಲಿ (ಕಂಪ್ಯೂಟರಿನೊಳಗೆ ಹೋಗುವ ಬಾಗಿಲಿನ ಸಂಖ್ಯೆ) ಸರ್ವರ್ ಇಲ್ಲ. ಸರ್ವರ್ ಇನ್ನೂ ಶುರುವಾಗಿಲ್ಲ ಅಥವಾ ಪೋರ್ಟ್ ಸಂಖ್ಯೆ ತಪ್ಪು. ಜಾವಾ ಎಡಿಷನ್ ಸರ್ವರಿನ ಮಾಮೂಲಿ ಪೋರ್ಟ್ 25565. 'ಓಪನ್ ಟು ಲ್ಯಾನ್' ಕೊಟ್ಟರೆ ಮಾತ್ರ ಪ್ರತಿ ಸಲ ಬೇರೆ ಸಂಖ್ಯೆ ಬರುತ್ತದೆ, ಅದು ಚಾಟ್‌ನಲ್ಲಿ ಕಾಣುತ್ತದೆ. ಹೊಸ ಆವೃತ್ತಿಗಳಲ್ಲಿ ಆ ಸಂಖ್ಯೆಯನ್ನು ನಾವೇ ಬರೆಯಬಹುದು.

'ಅನ್‌ನೋನ್ ಹೋಸ್ಟ್' ಬಂದರೆ ವಿಳಾಸದ ಕಾಗುಣಿತ ನೋಡಿ. ಸರಿ ಇದ್ದರೆ ರೂಟರಿನ ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕಿಕೊಡುವ ಸೇವೆ) ಅನ್ನು 1.1.1.1 ಅಥವಾ 8.8.8.8 ಎಂದು ಬದಲಾಯಿಸಿ ನೋಡಿ.

'ಔಟ್‌ಡೇಟೆಡ್ ಕ್ಲೈಂಟ್' ಅಥವಾ 'ಔಟ್‌ಡೇಟೆಡ್ ಸರ್ವರ್' ಬಂದರೆ ನೆಟ್‌ವರ್ಕ್ ಚೆನ್ನಾಗಿದೆ. ಎರಡು ಕಡೆಯ ಆಟದ ಆವೃತ್ತಿ ಬೇರೆ, ಅಷ್ಟೇ. ಫೋರ್ಜ್ ಎನ್ನುವ ಲೋಡರ್ (ಮಾಡ್‌ಗಳನ್ನು ಆಟಕ್ಕೆ ಸೇರಿಸುವ ಪ್ರೋಗ್ರಾಂ) ಬಳಸುವವರಿಗೆ ಮಾಡ್ ಪಟ್ಟಿ ಹೊಂದುತ್ತಿಲ್ಲ ಎನ್ನುವ ಸಂದೇಶ ಬರುವುದೂ ಇದೇ ಜಾತಿ. ಇನ್ನು 'ಇನ್‌ವ್ಯಾಲಿಡ್ ಸೆಷನ್' ಬಂದರೆ ಆಟ ಮುಚ್ಚಿ, ಲಾಂಚರ್ ಮುಚ್ಚಿ ಮತ್ತೆ ತೆರೆಯಿರಿ. ಅದು ಲಾಗಿನ್ ಹಳೆಯದಾಗಿರುವ ಗುರುತು.

ಹಳೆಯ ಮಾಡ್: ನಾಲ್ಕು ಹೊಂದಾಣಿಕೆ

ಮಾಡ್ ಕೆಲಸ ಮಾಡಬೇಕಾದರೆ ನಾಲ್ಕು ವಿಷಯ ಒಂದಕ್ಕೊಂದು ಹೊಂದಬೇಕು: ಆಟದ ಆವೃತ್ತಿ, ಲೋಡರ್, ಮಾಡ್‌ನ ಆವೃತ್ತಿ, ಜಾವಾ.

ಆಟದ ಆವೃತ್ತಿಯಲ್ಲಿ ಕೊನೆಯ ಚುಕ್ಕೆಯ ನಂತರದ ಅಂಕಿಯೂ ಮುಖ್ಯ. 1.20.4 ಮತ್ತು 1.20.5 ನೋಡೋಕೆ ಅಕ್ಕಪಕ್ಕದವು. ಆದರೆ 2024ರ ಏಪ್ರಿಲ್‌ನಲ್ಲಿ ಬಂದ 1.20.5ರಲ್ಲಿ ವಸ್ತುಗಳ ಮಾಹಿತಿಯನ್ನು ಇಡುವ ರೀತಿಯನ್ನೇ ಬದಲಾಯಿಸಿದರು. ಹಾಗಾಗಿ 1.20.4ಕ್ಕೆ ಬರೆದ ಎಷ್ಟೋ ಮಾಡ್‌ಗಳು ಅಲ್ಲಿ ಏಳುವುದೇ ಇಲ್ಲ. ಫೈಲಿನ ಹೆಸರಿನಲ್ಲಿ ಸಾಮಾನ್ಯವಾಗಿ ಆಟದ ಆವೃತ್ತಿ ಬರೆದಿರುತ್ತಾರೆ. ನಿಮ್ಮ ಮಾಡ್ಸ್ ಫೋಲ್ಡರಿನಲ್ಲಿ ಒಂದೇ ಮಾಡ್‌ನ ಎರಡು ಫೈಲ್ ಇವೆಯಾ ಎಂದೂ ನೋಡಿ. ಹೊಸದನ್ನು ಹಾಕುವಾಗ ಹಳೆಯದನ್ನು ತೆಗೆಯಲು ಮರೆಯುವುದು ತುಂಬಾ ಮಾಮೂಲು.

ಲೋಡರ್‌ಗಳಲ್ಲಿ ಫೋರ್ಜ್, ನಿಯೋಫೋರ್ಜ್, ಫ್ಯಾಬ್ರಿಕ್, ಕ್ವಿಲ್ಟ್ ಇವೆ. ಫೋರ್ಜ್‌ನಿಂದ 2023ರಲ್ಲಿ ಒಡೆದು ಬಂದದ್ದು ನಿಯೋಫೋರ್ಜ್. 1.20.1ರಲ್ಲಿ ಇವೆರಡೂ ಬಹುಪಾಲು ಹೊಂದುತ್ತಿದ್ದವು. ಆಮೇಲೆ ದಾರಿ ಬೇರೆಯಾಯಿತು. ಆದ್ದರಿಂದ "ಫೋರ್ಜ್ ಮಾಡ್ ತಾನೇ, ನಡೆಯುತ್ತೆ" ಅನ್ನುವುದು ಈಗ ನಡೆಯಲ್ಲ. ಫ್ಯಾಬ್ರಿಕ್ ಬಳಸುವವರು ಲೋಡರ್ ಹಾಕಿ ಫ್ಯಾಬ್ರಿಕ್ ಎಪಿಐ ಮರೆಯುತ್ತಾರೆ. ಅದು ಬೇರೆಯೇ ಒಂದು ಫೈಲು, ಮಾಡ್ಸ್ ಫೋಲ್ಡರಿನಲ್ಲೇ ಇರಬೇಕು.

ಜಾವಾ ಲೆಕ್ಕ ಹೀಗೆ: 1.16.5 ಮತ್ತು ಅದಕ್ಕಿಂತ ಹಳೆಯದಕ್ಕೆ ಜಾವಾ 8. 1.17ಕ್ಕೆ ಜಾವಾ 16. 1.18ರಿಂದ 1.20.4ರವರೆಗೆ ಜಾವಾ 17. 1.20.5ರಿಂದ 1.21ರ ಸಾಲಿನವಕ್ಕೆ ಜಾವಾ 21. ಅಧಿಕೃತ ಲಾಂಚರ್ ತನಗೆ ಬೇಕಾದ ಜಾವಾವನ್ನು ತಾನೇ ತರುತ್ತದೆ. ತೊಂದರೆ ಬರುವುದು ನೀವು ಸರ್ವರ್ ಫೈಲನ್ನು ಕೈಯಾರೆ ಓಡಿಸುವಾಗ. ಆಗ ಲಾಗ್‌ನಲ್ಲಿ (ಆಟ ತನ್ನ ಕೆಲಸವನ್ನು ಬರೆದಿಡುವ ಫೈಲು) 'ಕ್ಲಾಸ್ ಫೈಲ್ ವರ್ಷನ್ 65' ಎನ್ನುವಂಥ ಸಾಲು ಕಂಡರೆ ಅದು ಕೇಳುತ್ತಿರುವುದು ಜಾವಾ 21. 61 ಅಂದರೆ ಜಾವಾ 17. 52 ಅಂದರೆ ಜಾವಾ 8. ಈ ಮೂರು ಅಂಕಿ ಗೊತ್ತಿದ್ದರೆ ಎಷ್ಟೋ ಸಂಜೆಗಳು ಉಳಿಯುತ್ತವೆ.

ಲಾಗ್ ಎಲ್ಲಿರುತ್ತದೆ? ಆಟದ ಫೋಲ್ಡರಿನೊಳಗೆ ಲಾಗ್ಸ್ ಎನ್ನುವ ಫೋಲ್ಡರ್ ಇದೆ, ಅದರಲ್ಲಿ 'ಲೇಟೆಸ್ಟ್' ಹೆಸರಿನ ಫೈಲು. ಕ್ರ್ಯಾಶ್ ಆಗಿದ್ದರೆ 'ಕ್ರ್ಯಾಶ್ ರಿಪೋರ್ಟ್ಸ್' ಫೋಲ್ಡರನ್ನೂ ನೋಡಿ. ಫೈಲು ಉದ್ದ ಇರುತ್ತದೆ, ಹೆದರಬೇಡಿ. ಕೆಳಗಿನಿಂದ ಮೇಲಕ್ಕೆ ಹೋಗುತ್ತಾ 'ಕಾಸ್ಡ್ ಬೈ' ಎಂದು ಶುರುವಾಗುವ ಸಾಲುಗಳನ್ನು ಹುಡುಕಿ. ಅದರ ಆಸುಪಾಸಿನಲ್ಲಿ ಯಾವುದಾದರೂ ಮಾಡ್‌ನ ಹೆಸರು ಕಂಡರೆ ಅನುಮಾನ ಅದರ ಮೇಲೆ. ಫ್ಯಾಬ್ರಿಕ್ ಇನ್ನೂ ಒಳ್ಳೆಯ ಕೆಲಸ ಮಾಡುತ್ತದೆ. ಹೊಂದದ ಮಾಡ್ ಸಿಕ್ಕಾಗ ಪುಟ್ಟ ಕಿಟಕಿ ತೆರೆದು, ಯಾವುದನ್ನು ಯಾವ ಆವೃತ್ತಿಗೆ ಬದಲಿಸಬೇಕು ಎಂದು ಹೇಳುತ್ತದೆ. ಅದು ಹೇಳಿದ್ದನ್ನು ಹಾಗೇ ಮಾಡಿದರೆ ಹೆಚ್ಚಿನ ಸಲ ಸರಿಹೋಗುತ್ತದೆ.

ಲಾಗ್‌ನಲ್ಲೂ ಸುಳಿವು ಸಿಗದಿದ್ದರೆ ಅರ್ಧ ಮಾಡುವ ವಿಧಾನ ಹಿಡಿಯಿರಿ. ಮಾಡ್‌ಗಳಲ್ಲಿ ಅರ್ಧವನ್ನು ಬೇರೆ ಫೋಲ್ಡರಿಗೆ ಸರಿಸಿ, ಆಟ ತೆರೆಯಿರಿ. ತೆರೆದುಕೊಂಡರೆ ತಪ್ಪು ಹೊರಗಿಟ್ಟ ಅರ್ಧದಲ್ಲಿದೆ. ಮತ್ತೆ ಅದನ್ನು ಅರ್ಧ ಮಾಡಿ. 64 ಮಾಡ್ ಇದ್ದರೂ ಆರು ಸುತ್ತಿನಲ್ಲಿ ಒಂದಕ್ಕೆ ಬಂದು ನಿಲ್ಲುತ್ತೀರಿ. ಒಂದೊಂದೇ ತೆಗೆದು ನೋಡುತ್ತಾ ಹೋದರೆ ರಾತ್ರಿ ಆಗುತ್ತದೆ. ಒಂದು ಎಚ್ಚರ: ಕೆಲವು ಮಾಡ್‌ಗಳಿಗೆ ಜೊತೆಗೊಂದು ಲೈಬ್ರರಿ ಮಾಡ್ ಬೇಕು. ಆ ಜೋಡಿಯನ್ನು ಒಂದೇ ಕಡೆ ಇಡಿ.

ಈ ಪರೀಕ್ಷೆಗಳನ್ನೆಲ್ಲ ಹೊಸ ವರ್ಲ್ಡ್‌ನಲ್ಲೇ ಮಾಡಿ. ಇದನ್ನು ಒತ್ತಿ ಹೇಳುತ್ತೇನೆ. ಹೊಸ ಬ್ಲಾಕ್ ಕೊಡುವ ಮಾಡ್ ತೆಗೆದು ಹಳೆಯ ವರ್ಲ್ಡ್ ತೆರೆದರೆ ಆ ಬ್ಲಾಕ್‌ಗಳೆಲ್ಲ ಮಾಯವಾಗುತ್ತವೆ. ಮಾಡ್ ವಾಪಸ್ ಹಾಕಿದರೂ ಅವು ಬರುವುದಿಲ್ಲ. ಹಾಗೇ ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದ ವರ್ಲ್ಡ್ ಅನ್ನು ಹಳೆಯ ಆವೃತ್ತಿಗೆ ಇಳಿಸಲು ಆಗುವುದಿಲ್ಲ. ಮಕ್ಕಳು ತಿಂಗಳುಗಟ್ಟಲೆ ಕಟ್ಟಿದ ಊರು ಅದರಲ್ಲಿರುತ್ತದೆ. 'ಸೇವ್ಸ್' ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿದ ಮೇಲೆಯೇ ಮುಂದಿನ ಕೆಲಸ.

ಮಾಡ್ ಬರೆದವರು ಕೈಬಿಟ್ಟಿದ್ದರೆ? ಎರಡು ದಾರಿ. ಆ ಮಾಡ್ ನಿಮಗೆ ಜೀವ ಅಂತಿದ್ದರೆ ಆಟವನ್ನೇ ಅದರ ಆವೃತ್ತಿಯಲ್ಲಿ ನಿಲ್ಲಿಸಿ. ಹಳೆಯ ಆವೃತ್ತಿಯಲ್ಲಿ ಆಡುವುದರಲ್ಲಿ ಯಾವ ಕೊರತೆಯೂ ಇಲ್ಲ, 1.20.1ರಲ್ಲಿ ಆಡುವವರು ಈಗಲೂ ತುಂಬಾ ಜನ ಇದ್ದಾರೆ. ಇಲ್ಲವಾದರೆ ಅದೇ ಕೆಲಸದ ಬೇರೆ ಮಾಡ್ ಹುಡುಕಿ. ಆಟದ ವೇಗ, ನೋಟ ಸುಧಾರಿಸುವ ಆಪ್ಟಿಫೈನ್ ಬೇರೆ ಮಾಡ್‌ಗಳ ಜೊತೆ ಜಗಳ ಆಡುತ್ತಿದ್ದರೆ ಸೋಡಿಯಂ ಮತ್ತು ಐರಿಸ್ ಹಾಕಿ ನೋಡಬಹುದು. ಫೈಲಿನೊಳಗಿನ ಆವೃತ್ತಿ ಅಂಕಿಯನ್ನು ಕೈಯಾರೆ ತಿದ್ದಿ ಓಡಿಸುವವರೂ ಇದ್ದಾರೆ. ಬ್ಲಾಕ್ ಸೇರಿಸುವ ಮಾಡ್‌ಗೆ ಹಾಗೆ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಆಟ ತೆರೆಯುತ್ತದೆ, ಆಮೇಲೆ ವರ್ಲ್ಡ್ ಕೆಡುತ್ತದೆ.

ಪ್ರಿಸಂ ಲಾಂಚರ್ ಬಳಸಿ ಎನ್ನುವುದು ನನ್ನ ಸಲಹೆ. ಅದರಲ್ಲಿ ಪ್ರತಿ ಮಾಡ್‌ಪ್ಯಾಕ್‌ಗೂ ಬೇರೆ ಫೋಲ್ಡರ್, ಬೇರೆ ಸೇವ್. ಒಂದು ಕೆಟ್ಟರೆ ಇನ್ನೊಂದಕ್ಕೆ ತಾಗುವುದಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಆಡುವುದಾದರೆ ಒಬ್ಬರು ಇಳಿಸಿ ಇನ್ನೊಬ್ಬರಿಗೆ ಪೆನ್‌ಡ್ರೈವ್‌ನಲ್ಲಿ ಕೊಡಿ. ಎರಡೆರಡು ಸಲ ಡೇಟಾ ಸುಡುವುದು ಯಾಕೆ?

ಮಾಡ್‌ಗಳನ್ನು ಮಾಡ್‌ರಿಂತ್, ಕರ್ಸ್‌ಫೋರ್ಜ್ ಅಥವಾ ಮಾಡ್ ಬರೆದವರ ಸ್ವಂತ ಪುಟದಿಂದ ಮಾತ್ರ ಇಳಿಸಿ. ಅಲ್ಲೂ ಕಣ್ಣಿಟ್ಟಿರಿ. 2023ರ ಜೂನ್‌ನಲ್ಲಿ ಫ್ರ್ಯಾಕ್ಚರೈಸರ್ ಎನ್ನುವ ಮಾಲ್‌ವೇರ್ ಕರ್ಸ್‌ಫೋರ್ಜ್‌ನ ಕೆಲವು ಮಾಡ್‌ಗಳ ಮೂಲಕವೇ ಹರಡಿತ್ತು. ಹಾಗಾಗಿ ಹೊಸ ಅಪ್‌ಡೇಟ್ ಬಂದ ದಿನವೇ ಹಾಕುವ ಆತುರ ಬೇಡ. ಬೇರೆಯವರ ಮಾಡ್‌ಗಳನ್ನು ತಮ್ಮ ಪುಟದಲ್ಲಿ ಸೇರಿಸಿ ಹಂಚುವ ಸೈಟುಗಳ ಕಡೆಗಂತೂ ಹೋಗಲೇಬೇಡಿ.

ಬೇರೆ ಆಟಗಳಲ್ಲಿ

ಸ್ಟಾರ್‌ಡ್ಯೂ ವ್ಯಾಲಿಯ 1.6 ಆವೃತ್ತಿ 2024ರ ಮಾರ್ಚ್‌ನಲ್ಲಿ ಬಂದಾಗ ರಾಶಿ ಮಾಡ್‌ಗಳು ನಿಂತುಹೋದವು. ಅಲ್ಲಿ ಸ್ಮಾಪಿ ಎನ್ನುವ ಲೋಡರಿನ ಕಪ್ಪು ಕಿಟಕಿಯೇ ನಿಮ್ಮ ಲಾಗ್. ಯಾವ ಮಾಡ್ ಬಿಟ್ಟುಹೋಯಿತು, ಯಾವುದಕ್ಕೆ ಅಪ್‌ಡೇಟ್ ಇದೆ ಎಂದು ಅದೇ ಪಟ್ಟಿ ಕೊಡುತ್ತದೆ.

ಸ್ಕೈರಿಮ್‌ನ ಸ್ಕ್ರಿಪ್ಟ್ ಎಕ್ಸ್‌ಟೆಂಡರ್ (ಹಲವು ಮಾಡ್‌ಗಳಿಗೆ ಬೇಕಾದ ಪ್ರೋಗ್ರಾಂ) ಆಟದ ನಿರ್ದಿಷ್ಟ ಆವೃತ್ತಿಗೆ ಕಟ್ಟುಬಿದ್ದಿದೆ. 2023ರ ಡಿಸೆಂಬರ್‌ನಲ್ಲಿ ಆಟ 1.6.1130ಕ್ಕೆ ಏರಿದಾಗ ಅದನ್ನು ನಂಬಿದ ಮಾಡ್‌ಗಳೆಲ್ಲ ಕಾಯಬೇಕಾಯಿತು. ಸ್ಟೀಮ್‌ನಲ್ಲಿ ಆ ಆಟದ ಪ್ರಾಪರ್ಟೀಸ್‌ಗೆ ಹೋಗಿ, ಅಪ್‌ಡೇಟ್ ವಿಭಾಗದಲ್ಲಿ 'ಆಟ ತೆರೆದಾಗ ಮಾತ್ರ ಅಪ್‌ಡೇಟ್' ಆಯ್ಕೆ ಕೊಡಿ. ಡೇಟಾವೂ ಉಳಿಯುತ್ತದೆ, ಮಾಡ್‌ಗಳೂ ಉಳಿಯುತ್ತವೆ.

ಸಿಮ್ಸ್ 4 ಪ್ರತಿ ಅಪ್‌ಡೇಟ್ ಆದ ಮೇಲೆ ಮಾಡ್‌ಗಳನ್ನು ತಾನೇ ಆಫ್ ಮಾಡುತ್ತದೆ. ಮಾಡ್ ಹಾಳಾಗಿದೆ ಎಂದುಕೊಳ್ಳುವ ಮೊದಲು ಸೆಟ್ಟಿಂಗ್‌ನಲ್ಲಿ ಮತ್ತೆ ಆನ್ ಮಾಡಿ ನೋಡಿ.

ಲ್ಯಾಗ್ ಅಂದರೆ ಯಾವ ಲ್ಯಾಗ್?

ಸೇರಿಕೊಂಡ ಮೇಲೆ ಆಟ ಎಳೆಯುತ್ತಿದೆ ಅನ್ನುವವರು ಮೊದಲು ಇದನ್ನು ನೋಡಿ. ತಲೆ ತಿರುಗಿಸಿದಾಗ ಚಿತ್ರ ತಡೆತಡೆದು ಬಂದರೆ ಅದು ನಿಮ್ಮ ಕಂಪ್ಯೂಟರಿನ ಗ್ರಾಫಿಕ್ಸ್. ಚಿತ್ರ ನಯವಾಗಿದ್ದು, ಒಡೆದ ಬ್ಲಾಕ್ ಮತ್ತೆ ಬಂದು ಕೂರುತ್ತಿದ್ದರೆ ಅದು ಸರ್ವರ್ ಅಥವಾ ನೆಟ್‌ವರ್ಕ್.

ಸರ್ವರಾ ನೆಟ್‌ವರ್ಕಾ ಎಂದು ಬೇರೆ ಮಾಡುವುದು ಸುಲಭ. ಆಟ ಸೆಕೆಂಡಿಗೆ 20 ಹೆಜ್ಜೆ ಇಡುತ್ತದೆ, ಅಂದರೆ ಒಂದು ಹೆಜ್ಜೆಗೆ 50 ಮಿಲಿಸೆಕೆಂಡ್. ಸರ್ವರಿಗೆ ಅಷ್ಟರೊಳಗೆ ಕೆಲಸ ಮುಗಿಸಲು ಆಗದಿದ್ದರೆ ಅದರ ಲಾಗ್‌ನಲ್ಲಿ 'ಕಾಂಟ್ ಕೀಪ್ ಅಪ್' ಎನ್ನುವ ಸಾಲು ಬೀಳುತ್ತದೆ. ಆ ಸಾಲು ಮತ್ತೆ ಮತ್ತೆ ಕಂಡರೆ ರೂಟರನ್ನು ಬಯ್ಯಬೇಡಿ. ಸರ್ವರ್ ಪ್ರಾಪರ್ಟೀಸ್ ಫೈಲಿನಲ್ಲಿ 'ವ್ಯೂ ಡಿಸ್ಟೆನ್ಸ್' ಮತ್ತು 'ಸಿಮ್ಯುಲೇಷನ್ ಡಿಸ್ಟೆನ್ಸ್' ಎರಡೂ 10 ಇರುತ್ತವೆ. ಆರಕ್ಕೆ ಇಳಿಸಿ. ಸಿಮ್ ರೂಟರಿನ ಅಪ್‌ಲೋಡ್ ಮೇಲಿನ ಭಾರವೂ ಇದರಿಂದ ಇಳಿಯುತ್ತದೆ.

ಆ ಸಾಲು ಇಲ್ಲದಿದ್ದರೆ ಪಿಂಗ್ ಮಾಡಿ, ಅಂದರೆ ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು ರೂಟರಿನ ವಿಳಾಸಕ್ಕೆ, ಆಮೇಲೆ 1.1.1.1ಕ್ಕೆ. ರೂಟರಿನಿಂದಲೇ ಉತ್ತರ ನಿಧಾನವಾಗಿ, ಏರಿಳಿತದಲ್ಲಿ ಬಂದರೆ ತೊಂದರೆ ಮನೆಯ ವೈಫೈಯಲ್ಲಿದೆ. ಲ್ಯಾನ್ ಕೇಬಲ್ ಹಾಕಿ. ರೂಟರ್ ಚೆನ್ನಾಗಿದ್ದು ಎರಡನೆಯದು ಹಾರಾಡಿದರೆ ತೊಂದರೆ ಟವರಿನ ಕಡೆ. ಜರ್ಮನಿಯಲ್ಲೋ ಅಮೆರಿಕದಲ್ಲೋ ಇರುವ ಅಣ್ಣ ನಿಮ್ಮ ಸರ್ವರ್‌ಗೆ ಸೇರಿದಾಗ ಅವನಿಗೆ ಬರುವ ತಡ ಮಾತ್ರ ದೂರದ್ದು. ಅದನ್ನು ಯಾವ ಸೆಟ್ಟಿಂಗೂ ಇಳಿಸುವುದಿಲ್ಲ.

ಸಿಮ್ ರೂಟರನ್ನು ಸರಿಯಾಗಿ ಕೂರಿಸುವುದು

ಸಿಮ್ಮನ್ನು ಮೊದಲು ಫೋನಿಗೆ ಹಾಕಿ. ಡೇಟಾ ಓಡುತ್ತಾ, ರೀಚಾರ್ಜ್ ಇದೆಯಾ, ಸಿಮ್‌ಗೆ ಪಿನ್ ಲಾಕ್ ಇದೆಯಾ ನೋಡಿ. ಅಲ್ಲಿ ಓಡಿದರೆ ರೂಟರಿಗೆ ಹಾಕಿ. ನೆಟ್‌ವರ್ಕ್ ಸಿಕ್ಕೂ ಡೇಟಾ ಬರುತ್ತಿಲ್ಲ ಅಂದರೆ ಹೆಚ್ಚಾಗಿ ಎಪಿಎನ್ (ಮೊಬೈಲ್ ಕಂಪನಿಯ ಡೇಟಾಗೆ ಸೇರಲು ರೂಟರಿಗೆ ಕೊಡುವ ಹೆಸರು) ತಪ್ಪು. ಜಿಯೋಗೆ 'ಜಿಯೋನೆಟ್', ಏರ್‌ಟೆಲ್‌ಗೆ 'ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್', ಬಿಎಸ್‌ಎನ್‌ಎಲ್‌ಗೆ 'ಬಿಎಸ್‌ಎನ್‌ಎಲ್‌ನೆಟ್'. ಇವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಬೇಕು. ಪಕ್ಕದಲ್ಲಿ ಐಪಿ (ಇಂಟರ್ನೆಟ್ ವಿಳಾಸ) ಬಗೆ ಕೇಳಿದರೆ ಐಪಿವಿ4 ಮತ್ತು ಐಪಿವಿ6 ಎರಡೂ ಇರುವ ಆಯ್ಕೆ ಕೊಡಿ. ಜಿಯೋ ನೆಟ್‌ವರ್ಕ್ ಹೆಚ್ಚಾಗಿ ಐಪಿವಿ6 ಮೇಲೇ ನಡೆಯುತ್ತದೆ.

ಹಳೆಯ ರೂಟರ್ ಇದ್ದರೆ ಅದು ಯಾವ ಬ್ಯಾಂಡ್ (ಸಿಗ್ನಲಿನ ಆವರ್ತನ ಪಟ್ಟಿ) ಹಿಡಿಯುತ್ತದೆ ನೋಡಿ. ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ. ಹಾಗಾಗಿ 3ಜಿ ಡಾಂಗಲ್‌ನಲ್ಲಿ ಅದರ ಸಿಮ್ ಎಂದೂ ಏಳುವುದಿಲ್ಲ. ಬಿಎಸ್‌ಎನ್‌ಎಲ್ 4ಜಿಗೆ 700 ಮೆಗಾಹರ್ಟ್ಸ್‌ನ ಬ್ಯಾಂಡ್ 28 ಮತ್ತು 2100ರ ಬ್ಯಾಂಡ್ 1 ಬೇಕು. ಹೊರದೇಶದಿಂದ ತಂದ ರೂಟರಿನಲ್ಲಿ ಜಿಯೋ ಬಳಸುವ 2300ರ ಬ್ಯಾಂಡ್ 40 ಇಲ್ಲದಿರಬಹುದು. ಕೊಳ್ಳುವ ಮೊದಲೇ ನೋಡಿ.

ಇನ್ನು ಸಿಗ್ನಲ್. ರೂಟರಿನ ಮೇಲಿನ ಕಡ್ಡಿ ಎಣಿಸಬೇಡಿ. ಬ್ರೌಸರಿನಲ್ಲಿ ರೂಟರಿನ ಪುಟ ತೆರೆಯಿರಿ. ವಿಳಾಸ 192.168.1.1 ಅಥವಾ 192.168.0.1 ಇರುತ್ತದೆ, ಜಿಯೋಫೈಗೆ 192.168.225.1. ಅಲ್ಲಿ ಆರ್‌ಎಸ್‌ಆರ್‌ಪಿ ಮತ್ತು ಎಸ್‌ಐಎನ್‌ಆರ್ ಎನ್ನುವ ಎರಡು ಅಂಕಿ ಹುಡುಕಿ. ಮೊದಲನೆಯದು ಸಿಗ್ನಲಿನ ಬಲ. -80ರ ಆಸುಪಾಸು ತುಂಬಾ ಒಳ್ಳೆಯದು, -100 ಪರವಾಗಿಲ್ಲ, -110ಕ್ಕಿಂತ ಕೆಳಗೆ ಹೋದರೆ ಕಷ್ಟ. ಎರಡನೆಯದು ಸಿಗ್ನಲ್ ಎಷ್ಟು ಶುದ್ಧ ಎಂದು ಹೇಳುತ್ತದೆ. 20ರ ಮೇಲೆ ಇದ್ದರೆ ಖುಷಿಪಡಿ, ಸೊನ್ನೆಗಿಂತ ಕೆಳಗಿದ್ದರೆ ಬಲ ಎಷ್ಟಿದ್ದರೂ ಆಟ ಎಳೆಯುತ್ತದೆ. ಆಟಕ್ಕೆ ನಾನು ಎರಡನೆಯ ಅಂಕಿಯನ್ನೇ ಹೆಚ್ಚು ನಂಬುತ್ತೇನೆ. ರೂಟರನ್ನು ಕಿಟಕಿಯಿಂದ ಕಿಟಕಿಗೆ, ಅಟ್ಟಕ್ಕೆ ಸರಿಸಿ, ಪ್ರತಿ ಜಾಗದಲ್ಲೂ ಸ್ವಲ್ಪ ಹೊತ್ತು ಬಿಟ್ಟು ಎರಡೂ ಅಂಕಿ ಬರೆದುಕೊಳ್ಳಿ. ಜೊತೆಗೆ ಬ್ಯಾಂಡ್ ಕೂಡ. 850 ಮೆಗಾಹರ್ಟ್ಸ್ ಗುಡ್ಡ, ಮರ, ಗೋಡೆಗಳನ್ನು ದಾಟಿ ದೂರ ಬರುತ್ತದೆ. 2300 ಹತ್ತಿರದಲ್ಲಿ ವೇಗ ಕೊಡುತ್ತದೆ, ಗುಡ್ಡ ಅಡ್ಡ ಬಂದರೆ ಸೋಲುತ್ತದೆ. ಬ್ಯಾಂಡ್ ಆಯ್ಕೆ ಮಾಡುವ ಅವಕಾಶ ನಿಮ್ಮ ರೂಟರಿನಲ್ಲಿದ್ದರೆ ಒಂದೊಂದನ್ನೇ ಲಾಕ್ ಮಾಡಿ ಪಿಂಗ್ ನೋಡಿ.

ಹೊರಗೆ ಆಂಟೆನಾ ಹಾಕುವುದಾದರೆ ಎರಡು ಕೇಬಲ್ ಇರುವುದನ್ನೇ ಕೊಳ್ಳಿ, ಎರಡನ್ನೂ ಜೋಡಿಸಿ. ಒಂದನ್ನೇ ಹಾಕಿದರೆ ರೂಟರಿಗೆ ಒಂದು ಕಿವಿ ಮುಚ್ಚಿದ ಹಾಗೆ. ಆಂಟೆನಾ ಕೇಬಲ್ ಉದ್ದವಾದಷ್ಟೂ ಸಿಗ್ನಲ್ ಸೋರುತ್ತದೆ. ಚಾವಣಿ ದೂರ ಇದ್ದರೆ ಹೊರಗಿಡುವ ರೂಟರನ್ನೇ ಮೇಲೆ ಕೂರಿಸಿ ಲ್ಯಾನ್ ಕೇಬಲ್ ಕೆಳಗೆ ತರುವುದು ಉತ್ತಮ. ಲ್ಯಾನ್ ಕೇಬಲ್ 100 ಮೀಟರ್ ತನಕ ನಡೆಯುತ್ತದೆ. ಗುಡುಗು ಶುರುವಾದರೆ ಆ ಕೇಬಲ್ ಕಿತ್ತಿಡಿ. ಇನ್ನು ಸಿಗ್ನಲ್ ಬೂಸ್ಟರ್ ಎಂದು ಮಾರುವ ಪೆಟ್ಟಿಗೆಗಳ ಸಹವಾಸ ಬೇಡ. ಪರವಾನಗಿ ಇಲ್ಲದೆ ಅವನ್ನು ಬಳಸುವುದು ನಮ್ಮ ದೇಶದಲ್ಲಿ ಅಪರಾಧ, ಸುತ್ತಲಿನವರ ನೆಟ್‌ವರ್ಕನ್ನೂ ಅವು ಕೆಡಿಸುತ್ತವೆ.

ಸಿಮ್ ರೂಟರಿಗೆ ಇನ್ನೊಂದು ವೈಫೈ ರೂಟರ್ ಜೋಡಿಸಿದ್ದೀರಾ? ಎರಡನೆಯದನ್ನು 'ಆ್ಯಕ್ಸೆಸ್ ಪಾಯಿಂಟ್' ಮೋಡ್‌ಗೆ ಹಾಕಿ. ಎರಡಕ್ಕೂ 192.168.1.1 ಇದ್ದರೆ ಒಂದರ ವಿಳಾಸವನ್ನು 192.168.2.1 ಮಾಡಿ.

ದಿನಾ ಒಂದೇ ಹೊತ್ತಿಗೆ ಆಟ ಪೂರ್ತಿ ನಿಂತು, ರಾತ್ರಿ 12 ದಾಟಿದ ಮೇಲೆ ಸರಿಹೋಗುತ್ತಿದ್ದರೆ ಹುಡುಕಾಟ ಬೇಡ. ದಿನದ ಡೇಟಾ ಮುಗಿದು ವೇಗ 64 ಕೆಬಿಪಿಎಸ್‌ಗೋ ಇನ್ನೂ ಕೆಳಕ್ಕೋ ಇಳಿದಿದೆ. ಆಟಕ್ಕೆ ಹೋಗುವ ಡೇಟಾ ಕಡಿಮೆಯೇ. ನುಂಗುವುದು ವಿಂಡೋಸ್ ಅಪ್‌ಡೇಟ್, ಸ್ಟೀಮ್ ಅಪ್‌ಡೇಟ್, ವೀಡಿಯೊ. ವಿಂಡೋಸ್‌ನಲ್ಲಿ ಆ ವೈಫೈಯನ್ನು 'ಮೀಟರ್ಡ್' (ಡೇಟಾಗೆ ಮಿತಿ ಇರುವ ಸಂಪರ್ಕ) ಎಂದು ಗುರುತು ಮಾಡಿ.

ಹೊರಗಿನವರು ಒಳಗೆ ಬರಲು ಯಾಕೆ ಆಗಲ್ಲ

ಮೂರನೇ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಿಗೆ ಈ ಭಾಗ. ಪೋರ್ಟ್ ಫಾರ್ವರ್ಡ್ ಮಾಡಿ, ಅಂದರೆ ಹೊರಗಿನಿಂದ ಬಂದವರನ್ನು ನಿಮ್ಮ ಕಂಪ್ಯೂಟರಿಗೆ ಕಳಿಸಲು ರೂಟರಿಗೆ ಹೇಳಿ, ಎಂದು ಎಲ್ಲರೂ ಹೇಳುತ್ತಾರೆ. ಸಿಮ್ ರೂಟರಿನಲ್ಲಿ ಅದನ್ನು ಎಷ್ಟು ಸರಿಯಾಗಿ ಮಾಡಿದರೂ ಸಾಮಾನ್ಯವಾಗಿ ಕೆಲಸಕ್ಕೆ ಬರುವುದಿಲ್ಲ.

ಐಪಿವಿ4 ವಿಳಾಸಗಳು ಸಾಲದ್ದರಿಂದ ಮೊಬೈಲ್ ಕಂಪನಿಗಳು ಒಂದು ಸಾರ್ವಜನಿಕ ವಿಳಾಸವನ್ನು ತುಂಬಾ ಗ್ರಾಹಕರಿಗೆ ಹಂಚುತ್ತವೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ಒಳಗಿನಿಂದ ನೀವು ಹೊರಗೆ ಕೇಳಿದ್ದಕ್ಕೆ ಉತ್ತರ ಬರುತ್ತದೆ. ಹೊರಗಿನಿಂದ ಯಾರಾದರೂ ತಾವಾಗಿ ಬಂದರೆ ಯಾರಿಗೆ ಕೊಡಬೇಕೆಂದು ಕಂಪನಿಯ ಪೆಟ್ಟಿಗೆಗೆ ಗೊತ್ತಿಲ್ಲ, ಬಿಟ್ಟುಬಿಡುತ್ತದೆ. ನಿಮ್ಮ ರೂಟರಿನ ತನಕ ಅದು ಬಂದೇ ಇಲ್ಲದ ಮೇಲೆ ರೂಟರಿನ ಸೆಟ್ಟಿಂಗ್ ಏನು ಮಾಡೀತು?

ಖಚಿತ ಮಾಡಿಕೊಳ್ಳುವುದು ಹೀಗೆ. ರೂಟರಿನ ಪುಟದಲ್ಲಿ ವ್ಯಾನ್ ಐಪಿ (ರೂಟರಿಗೆ ಕಂಪನಿ ಕೊಟ್ಟ ವಿಳಾಸ) ನೋಡಿ. ನಿಮ್ಮ ಐಪಿ ಯಾವುದು ಎಂದು ತೋರಿಸುವ ಯಾವುದಾದರೂ ಸೈಟಿನಲ್ಲೂ ನೋಡಿ. ಎರಡೂ ಬೇರೆಯಾಗಿದ್ದು, ರೂಟರಿನದು 10ರಿಂದ ಶುರುವಾಗಿದ್ದರೆ ಅಥವಾ 100.64ರಿಂದ 100.127ರ ನಡುವೆ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಬದಲಾಗುವ ವಿಳಾಸಕ್ಕೆ ಒಂದೇ ಹೆಸರು ಕೊಡುವ ಡೈನಮಿಕ್ ಡಿಎನ್‌ಎಸ್ ಹಾಕಿದರೂ ಪ್ರಯೋಜನ ಇಲ್ಲ. ಅದಕ್ಕೆ ದುಡ್ಡು ಕೊಡಬೇಡಿ.

ದಾರಿಗಳಿವೆ. ಆಡುವವರು ಮೂರು ನಾಲ್ಕು ಜನ, ಎಲ್ಲರೂ ಪರಿಚಿತರು ಅಂದರೆ ಟೇಲ್‌ಸ್ಕೇಲ್ ಅಥವಾ ಜೀರೋಟಿಯರ್ ಹಾಕಿಕೊಳ್ಳಿ. ಎಲ್ಲರ ಕಂಪ್ಯೂಟರುಗಳೂ ಒಂದೇ ಮನೆಯ ನೆಟ್‌ವರ್ಕಿನಲ್ಲಿ ಇದ್ದಂತೆ ಇವು ಜೋಡಿಸುತ್ತವೆ. ಎರಡೂ ಕಡೆಯವರು ಒಳಗಿನಿಂದ ಹೊರಗೆ ಹೋಗಿ ಭೇಟಿಯಾಗುವುದರಿಂದ ಸಿಜಿನ್ಯಾಟ್ ಅಡ್ಡಿಯಾಗುವುದಿಲ್ಲ. ಟೇಲ್‌ಸ್ಕೇಲ್‌ನಲ್ಲಿ ನಿಮ್ಮ ಕಂಪ್ಯೂಟರಿಗೆ 100ರಿಂದ ಶುರುವಾಗುವ ವಿಳಾಸ ಸಿಗುತ್ತದೆ. ಗೆಳೆಯರು ಅದನ್ನೂ ಪೋರ್ಟನ್ನೂ ಆಟದಲ್ಲಿ ಹಾಕಿದರೆ ಮುಗಿಯಿತು. ನೇರ ದಾರಿ ಸಿಗದಿದ್ದರೆ ರಿಲೇ ಸರ್ವರ್ ಮೂಲಕ ಹೋಗುತ್ತದೆ, ಆಗ ತಡ ಸ್ವಲ್ಪ ಹೆಚ್ಚು. ನನ್ನ ಮೊದಲ ಆಯ್ಕೆ ಇದೇ, ಯಾಕೆಂದರೆ ನಿಮ್ಮ ಸರ್ವರ್ ಇಡೀ ಜಗತ್ತಿಗೆ ತೆರೆದುಕೊಳ್ಳುವುದಿಲ್ಲ.

ಗೆಳೆಯರು ಏನನ್ನೂ ಇನ್‌ಸ್ಟಾಲ್ ಮಾಡಲು ಒಪ್ಪದಿದ್ದರೆ ಪ್ಲೇಇಟ್ ಎನ್ನುವ ಟನಲ್ ಸೇವೆ ಇದೆ. ನಿಮ್ಮ ಕಡೆ ಮಾತ್ರ ಒಂದು ಪ್ರೋಗ್ರಾಂ ಓಡಿಸಿದರೆ ಅವರಿಗೆ ಮಾಮೂಲಿ ವಿಳಾಸ ಸಿಗುತ್ತದೆ. ದಿನವಿಡೀ ಸರ್ವರ್ ಓಡಬೇಕು ಅಂದರೆ ಬಾಡಿಗೆಗೆ ತೆಗೆದುಕೊಳ್ಳಿ. ಬೆಂಗಳೂರು, ಮುಂಬೈಗಳಲ್ಲೇ ಡೇಟಾ ಸೆಂಟರ್ ಇರುವ ಕಂಪನಿಗಳಿವೆ. ಮಾಡ್ ಇರುವ ಸರ್ವರಿಗೆ 4 ಜಿಬಿ ರ್‍ಯಾಮ್‌ಗಿಂತ ಕಡಿಮೆ ಬೇಡ. ಆಟದ ಕಂಪನಿಯ ರಿಯಲ್ಮ್ಸ್‌ನಲ್ಲಿ ಈ ಬಗೆಯ ಮಾಡ್ ಹಾಕಲು ಆಗುವುದಿಲ್ಲ, ಹಣ ಕಟ್ಟುವ ಮೊದಲು ತಿಳಿದಿರಲಿ.

ಗೆಳೆಯರಿಗೂ ಅದೇ ಮಾಡ್‌ಗಳು ಬೇಕಲ್ಲ. ಸೋಡಿಯಂ, ಐರಿಸ್‌ನಂಥವು ನೋಟಕ್ಕೆ ಮಾತ್ರ, ಅವು ಸರ್ವರಿನಲ್ಲಿ ಬೇಕಿಲ್ಲ. ಹೊಸ ಬ್ಲಾಕ್, ಹೊಸ ಪ್ರಾಣಿ ತರುವ ಮಾಡ್‌ಗಳು ಮಾತ್ರ ಎರಡೂ ಕಡೆ ಒಂದೇ ಆವೃತ್ತಿಯಲ್ಲಿರಬೇಕು. ಪ್ರಿಸಂನಿಂದ ಮಾಡ್‌ರಿಂತ್ ಪ್ಯಾಕ್ ಆಗಿ ಎಕ್ಸ್‌ಪೋರ್ಟ್ ಮಾಡಿ ಕಳಿಸಿ. ಮಾಡ್‌ರಿಂತ್‌ನಿಂದ ಹಾಕಿದ ಮಾಡ್‌ಗಳಾದರೆ ಅದರಲ್ಲಿ ಹೋಗುವುದು ಪಟ್ಟಿ ಮತ್ತು ಕೊಂಡಿಗಳಷ್ಟೇ, ಹಾಗಾಗಿ ಫೈಲು ಪುಟ್ಟದಾಗಿರುತ್ತದೆ. ಇಳಿಸುವ ಡೇಟಾ ಅವರದು.

ವಿಳಾಸ ಹಂಚುವ ಮೊದಲು ಸರ್ವರ್ ಪ್ರಾಪರ್ಟೀಸ್‌ನಲ್ಲಿ 'ವೈಟ್ ಲಿಸ್ಟ್' ಆನ್ ಮಾಡಿ, ಬರುವವರ ಹೆಸರು ಸೇರಿಸಿ. 'ಆನ್‌ಲೈನ್ ಮೋಡ್' ಅನ್ನು ಆಫ್ ಮಾಡಬೇಡಿ. ಅದು ಆಫ್ ಆದರೆ ಯಾರು ಬೇಕಾದರೂ ಯಾರ ಹೆಸರಲ್ಲಾದರೂ ಬರಬಹುದು, ಆಗ ಪಟ್ಟಿ ಇದ್ದೂ ಇಲ್ಲದಂತೆ. ಸರ್ವರ್ ನಿಲ್ಲಿಸುವಾಗ ಕಿಟಕಿ ಮುಚ್ಚದೆ 'ಸ್ಟಾಪ್' ಎಂದು ಟೈಪ್ ಮಾಡಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ವರ್ಲ್ಡ್ ಕೆಡುವ ಸಾಧ್ಯತೆ ಇದೆ. ಮಳೆಗಾಲದಲ್ಲಿ ಕರೆಂಟ್ ಹೋಗುವ ಊರಲ್ಲಿ ಸರ್ವರನ್ನು ಲ್ಯಾಪ್‌ಟಾಪ್‌ನಲ್ಲೇ ಓಡಿಸಿ, ರೂಟರಿಗೆ ಒಂದು ಮಿನಿ ಯುಪಿಎಸ್ ಹಾಕಿ. ಕೊಳ್ಳುವಾಗ ರೂಟರಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್‌ಗೆ ಅದು ಹೊಂದುತ್ತದೆಯೇ ಎಂದು ನೋಡಿಕೊಳ್ಳಿ.